ನೊಂದ ಕೊರಳು ಮತ್ತು ವಿಮೆಯ ಕಾಗದ

‘ವಿಮೆ’ ಎಂಬುದು ಅಚ್ಚಗನ್ನಡದ ಮಾತಲ್ಲ. ಸಂಸ್ಕೃತದಿಂದ ಬಂದದ್ದೂ ಅಲ್ಲ. ಪಾರಸಿಯಲ್ಲಿ ‘ಬೀಮ್’ ಎಂದರೆ ಭಯ. ಅದರಿಂದ ‘ಬೀಮಾ’ ಆಯಿತು. ಆ ಬೀಮಾ ಹಿಂದೂಸ್ತಾನಿಯ ದಾರಿ ಹಿಡಿದು ನಮ್ಮ ನಾಡಿಗೆ ಬಂದು ವಿಮೆಯಾಯಿತು. ಭಯವನ್ನು ಕಳೆಯುವುದಕ್ಕೆಂದು ಮಾಡಿಕೊಂಡ ಏರ್ಪಾಡಿಗೆ ಭಯದ ಹೆಸರೇ ನಿಂತುಹೋದದ್ದು ಒಂದು ತಮಾಷೆ. ಆದರೆ ಅಪಘಾತದಲ್ಲಿ ಪೆಟ್ಟು ತಿಂದು, ಆಮೇಲೆ ವಿಮೆಯ ಹಣಕ್ಕಾಗಿ ಅರ್ಜಿ ತುಂಬಲು ಕುಳಿತವರನ್ನು ಕೇಳಿದರೆ, ಹೆಸರು ಸರಿಯಾಗಿಯೇ ಇದೆ ಎಂದಾರು.

ಈ ಅರ್ಜಿಯ ಭಯ ರೋಗಿಗೆ ಮಾತ್ರವಲ್ಲ, ಚಿಕಿತ್ಸೆ ಮಾಡುವವರಿಗೂ ಉಂಟು. ದೊಡ್ಡ ಆಸ್ಪತ್ರೆಯಲ್ಲಿ ಬರೆಯುವುದಕ್ಕೆ ಗುಮಾಸ್ತರಿರುತ್ತಾರೆ. ಒಂದು ಕೋಣೆ, ಒಂದು ಮೇಜು, ತಮ್ಮ ಎರಡು ಕೈ—ಇಷ್ಟನ್ನೇ ನಂಬಿ ಕಸುಬು ನಡೆಸುವ ಮರ್ದನ ಚಿಕಿತ್ಸಕರಿಗೆ, ಈಗಿನ ಮಾತಿನಲ್ಲಿ ಮಸಾಜ್ ಥೆರಪಿಸ್ಟರಿಗೆ, ಗುಮಾಸ್ತರೂ ಅವರೇ, ಲೆಕ್ಕಿಗರೂ ಅವರೇ. ಹಗಲೆಲ್ಲ ರೋಗಿಯ ಬೆನ್ನನ್ನು ನೀವಿ, ಸಂಜೆ ಕಾಗದದ ಮುಂದೆ ಬೆನ್ನು ಬಗ್ಗಿಸಬೇಕು. ಈ ಕಾಗದದ ಕಷ್ಟವನ್ನು ಕಡಮೆ ಮಾಡಲು ಕೆನಡಾ ದೇಶದಲ್ಲಿ ಈಚಿನ ವರ್ಷಗಳಲ್ಲಿ ಒಂದು ಪ್ರಯತ್ನ ನಡೆದಿದೆ. ಅದನ್ನು ತಮಗೆ ತಿಳಿಸಬೇಕೆಂಬುದು ನನ್ನ ಉದ್ದೇಶ. ನಮ್ಮ ಪಟ್ಟಣಗಳ ಎಷ್ಟೋ ಮನೆಗಳ ಮಕ್ಕಳು ಈಗ ಟೊರಾಂಟೋ, ವ್ಯಾಂಕೂವರ್‌ಗಳ ಆಸುಪಾಸಿನಲ್ಲಿ ಸಂಸಾರ ಹೂಡಿ, ದಿನವೂ ಕಾರು ನಡೆಸುತ್ತಿದ್ದಾರೆ. ಆದಕಾರಣ ಇದು ಕೇವಲ ದೂರದ ಸುದ್ದಿಯಲ್ಲ.

ಕೆನಡಾದಲ್ಲಿ ವಾಹನ ವಿಮೆಯ ಕಾನೂನು ಪ್ರಾಂತಕ್ಕೊಂದು ಬಗೆ. ವಿಷಯ ಸುಲಭವಾಗಲೆಂದು ಇಬ್ಬರು ಅಕ್ಕತಂಗಿಯರನ್ನು ಕಲ್ಪಿಸಿಕೊಳ್ಳೋಣ. ಅಕ್ಕ ಪಶ್ಚಿಮ ಸಮುದ್ರದ ಕಡೆಯ ಬ್ರಿಟಿಷ್ ಕೊಲಂಬಿಯ ಪ್ರಾಂತದ ಬರ್ನಬಿಯಲ್ಲಿದ್ದಾಳೆ. ತಂಗಿ ಒಂಟಾರಿಯೋ ಪ್ರಾಂತದ ಮಿಸ್ಸಿಸಾಗದಲ್ಲಿ. ಇಬ್ಬರೂ ಒಂದೇ ದಿನ, ಕೆಂಪು ದೀಪ ನೋಡಿ ಕಾರು ನಿಲ್ಲಿಸಿಕೊಂಡಿದ್ದಾಗ, ಹಿಂದಿನಿಂದ ಇನ್ನೊಂದು ಕಾರು ಬಂದು ಗುದ್ದಿತು ಎನ್ನೋಣ. ಮೂಳೆ ಮುರಿಯಲಿಲ್ಲ, ರಕ್ತ ಬರಲಿಲ್ಲ. ಸದ್ಯ, ಬದುಕಿದೆ ಎಂದುಕೊಂಡು ಇಬ್ಬರೂ ಮನೆಗೆ ಹೋದರು. ಮಾರನೆಯ ಬೆಳಿಗ್ಗೆ ಎದ್ದರೆ ಕೊರಳು ತಿರುಗದು.

ಇದಕ್ಕೆ ಇಂಗ್ಲಿಷಿನಲ್ಲಿ ವಿಪ್‌ಲ್ಯಾಶ್ ಎನ್ನುತ್ತಾರೆ. ಚಾವಟಿಯ ಹೊಡೆತ ಎಂದರ್ಥ. ಚಾವಟಿಯನ್ನು ಬೀಸಿದಾಗ ಹಿಡಿ ಮುಂದೆ ಹೋಗಿ ತುದಿ ಹಿಂದೆ ಉಳಿದು, ಆಮೇಲೆ ಫಕ್ಕನೆ ಮುಂದಕ್ಕೆ ಹಾರುತ್ತದೆಯಷ್ಟೆ. ಹಿಂದಿನಿಂದ ಗುದ್ದಿದಾಗ ಮೈ ಮುಂದೆ ಹೋಗುತ್ತದೆ, ತಲೆ ಹಿಂದೆ ಉಳಿಯುತ್ತದೆ. ನಡುವೆ ಸಿಕ್ಕಿದ ಕೊರಳಿನ ಸ್ನಾಯುಗಳೂ ಕೀಲುಗಳನ್ನು ಹಿಡಿದಿರುವ ಕಟ್ಟುಗಳೂ ಹಿಗ್ಗಿ ನೋಯುತ್ತವೆ. ಕ್ವಿಬೆಕ್ ಪ್ರಾಂತದಲ್ಲಿ ನೇಮಕವಾಗಿದ್ದ ತಜ್ಞರ ಮಂಡಲಿಯೊಂದು 1995ರಲ್ಲಿ ಇದನ್ನು 0ಯಿಂದ 4ರವರೆಗೆ ದರ್ಜೆ ಮಾಡಿ ವಿಂಗಡಿಸಿತು. ಬರಿಯ ನೋವು ಬಿಗಿತಗಳಿದ್ದರೆ 1. ಪರೀಕ್ಷಿಸಿದಾಗ ಕೊರಳಿನ ಚಲನೆ ಕುಗ್ಗಿರುವುದು ಮೊದಲಾದ ಗುರುತು ಕಂಡರೆ 2. ನರಕ್ಕೆ ತಾಗಿದ್ದರೆ 3. ಮೂಳೆ ಮುರಿದಿದ್ದರೆ ಅಥವಾ ಸ್ಥಾನ ತಪ್ಪಿದ್ದರೆ 4. ನಮ್ಮ ಅಕ್ಕತಂಗಿಯರದು 2ನೆಯ ದರ್ಜೆ ಎಂದಿಟ್ಟುಕೊಳ್ಳೋಣ.

ಎಲ್ಲ ತೊಡಕಿನ ಬೇರು ಇಲ್ಲಿದೆ. ಮುರಿದ ಮೂಳೆ ಎಕ್ಸ್-ರೇ ಚಿತ್ರದಲ್ಲಿ ಕಾಣುತ್ತದೆ. ವಿಮೆಯವರು ಆ ಚಿತ್ರವನ್ನು ನೋಡಿ ಒಪ್ಪುತ್ತಾರೆ. ಮೊದಲೆರಡು ದರ್ಜೆಯ ನೋವು ಯಾವ ಚಿತ್ರದಲ್ಲಿಯೂ ಕಾಣದು. ಕಾಣದ ನೋವಿಗೆ ಕಾಗದವೇ ಸಾಕ್ಷಿ. ಆ ಸಾಕ್ಷಿ ಸಾಲದೆಂದು ಇನ್ನೊಂದು ಕಾಗದ, ಅದಕ್ಕೆ ಬೆಂಬಲವಾಗಿ ಮತ್ತೊಂದು ಕಾಗದ. ಈ ಮಧ್ಯೆ ದಿನಗಳು ಕಳೆಯುತ್ತವೆ. ಇಂಥ ನೋವಿಗೆ ಒಳ್ಳೆಯ ಮದ್ದೆಂದರೆ ಕೊರಳಿಗೆ ಪಟ್ಟಿ ಕಟ್ಟಿ ಮಲಗಿರುವುದಲ್ಲ, ಬೇಗನೆ ಓಡಾಟಕ್ಕೆ ತೊಡಗುವುದು ಎಂದು ಈಗಿನ ವೈದ್ಯರು ಹೇಳುತ್ತಾರೆ. ಆದ್ದರಿಂದ ಮೊದಲ ಕೆಲವು ವಾರಗಳ ಬೆಲೆ ದೊಡ್ಡದು. ಮರ್ದನವೊಂದೇ ಎಲ್ಲವನ್ನೂ ಗುಣಪಡಿಸುತ್ತದೆಂದು ನಾನು ಹೇಳುತ್ತಿಲ್ಲ. ಅದಕ್ಕಿರುವ ಶಾಸ್ತ್ರೀಯ ಆಧಾರ ವ್ಯಾಯಾಮಕ್ಕಿರುವಷ್ಟು ಬಲವಾದದ್ದಲ್ಲ. ಆದರೆ ಬಿಗಿದ ಸ್ನಾಯು ಸ್ವಲ್ಪ ಸಡಿಲವಾದರೆ ರೋಗಿ ವ್ಯಾಯಾಮಕ್ಕೆ ಒಪ್ಪುತ್ತಾಳೆ, ರಾತ್ರಿ ನಿದ್ರೆ ಮಾಡುತ್ತಾಳೆ. ಬಾಣಂತಿಯ ಸೊಂಟ ನೀವಿಸಿಕೊಂಡ ನಮ್ಮ ತಾಯಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಎರಡು ಪ್ರಾಂತಗಳಲ್ಲಿ ಮರ್ದನ ಚಿಕಿತ್ಸಕರೆಂದರೆ ಯಾರು ಬೇಕಾದರೂ ಆಗುವಂತಿಲ್ಲ. ಬ್ರಿಟಿಷ್ ಕೊಲಂಬಿಯದಲ್ಲಿ 1946ರಷ್ಟು ಹಿಂದೆಯೇ ಇದಕ್ಕೆ ಶಾಸನವಾಯಿತು. 1994ರಲ್ಲಿ ಈ ಕಸುಬಿಗೇ ಬೇರೆಯಾಗಿ ಒಂದು ನಿಯಂತ್ರಣ ಸಂಸ್ಥೆ ಏರ್ಪಟ್ಟು, 2024ರ ಜೂನ್‌ನಲ್ಲಿ ಅದು ಇತರ ಕೆಲವು ಚಿಕಿತ್ಸಾ ಪದ್ಧತಿಗಳ ಸಂಸ್ಥೆಗಳೊಡನೆ ಒಂದಾಯಿತು. ಒಂಟಾರಿಯೋದಲ್ಲಿ 1991ರ ಮಸಾಜ್ ಥೆರಪಿ ಶಾಸನವುಂಟು. ಅಂಗರಚನೆ, ರೋಗಲಕ್ಷಣ ಮೊದಲಾದುವನ್ನು ಓದಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ರಿಜಿಸ್ಟರಿನಲ್ಲಿ ಹೆಸರು ಬರೆಸಿದವರಿಗೇ ಆ ಬಿರುದು. ತಪ್ಪು ನಡೆದರೆ ವಿಚಾರಣೆ, ಶಿಕ್ಷೆ ಎರಡೂ ಇವೆ. ಅಂದಮೇಲೆ ಅಕ್ಕನನ್ನು ನೋಡುವ ಕೈಗೂ ತಂಗಿಯನ್ನು ನೋಡುವ ಕೈಗೂ ಹೆಚ್ಚಿನ ಭೇದವಿಲ್ಲ. ಭೇದವಿರುವುದು ಕಾಗದದ ದಾರಿಯಲ್ಲಿ.

ಮೊದಲು ತಂಗಿಯ ದಾರಿ. ಒಂಟಾರಿಯೋದಲ್ಲಿ ವಿಮೆ ಮಾಡುವವು ಖಾಸಗಿ ಕಂಪನಿಗಳು. ಅಪಘಾತದಲ್ಲಿ ನೊಂದವರಿಗೆ ಅವು ಏನೇನು ಕೊಡಬೇಕೆಂಬುದನ್ನು ಸರ್ಕಾರದ ನಿಯಮಾವಳಿ ಗೊತ್ತುಮಾಡುತ್ತದೆ. 2010ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಆ ನಿಯಮಾವಳಿಗೆ ಅನೇಕ ನಮೂನೆಗಳಿವೆ. ಓ.ಸಿ.ಎಫ್. 1 ಎಂಬುದು ಸೌಲಭ್ಯಕ್ಕಾಗಿ ಅರ್ಜಿ. ಸಣ್ಣ ಪೆಟ್ಟಿನ ಚಿಕಿತ್ಸೆ ಮೊದಲಾಗಿದೆ ಎಂದು ತಿಳಿಸುವುದಕ್ಕೆ 23. ಚಿಕಿತ್ಸೆಯ ಯೋಜನೆಯನ್ನು ವಿವರಿಸಿ ಒಪ್ಪಿಗೆ ಕೇಳುವುದಕ್ಕೆ 18. ಬಿಲ್ಲು ಕಳುಹಿಸುವುದಕ್ಕೆ 21. ಉಳಿಕು, ಸೆಳೆತ, ಕೊರಳಿನ ಚಾವಟಿಪೆಟ್ಟು ಇವೆಲ್ಲ ‘ಸಣ್ಣ ಪೆಟ್ಟು’ಗಳ ಪಟ್ಟಿಗೆ ಸೇರಿವೆ, ಅವುಗಳ ಚಿಕಿತ್ಸೆಗೆ 3,500 ಡಾಲರಿನ ಮಿತಿ. ಈ ಸಣ್ಣ ಪೆಟ್ಟಿನ ಮಾರ್ಗಸೂಚಿಯಲ್ಲಿ ಮೊದಲ ಹನ್ನೆರಡು ವಾರಗಳ ಚಿಕಿತ್ಸೆಗೆ ವಿವರವಾದ ಪೂರ್ವಾನುಮತಿ ಬೇಡ. ಇಷ್ಟರ ಮಟ್ಟಿಗೆ ಅದು ಒಳ್ಳೆಯ ಏರ್ಪಾಡೇ.

ಆದರೆ ಅದನ್ನು ಆರಂಭಿಸುವವರು ಯಾರು? ಅದಕ್ಕೆ ನಿಯಮಾವಳಿಯ ಪ್ರಕಾರ ‘ಹೆಲ್ತ್ ಪ್ರಾಕ್ಟಿಷನರ್’ ಎನಿಸಿಕೊಂಡವರು ಬೇಕು. ಆ ಪದಕ್ಕೆ ಕೊಟ್ಟಿರುವ ವ್ಯಾಖ್ಯೆಯಲ್ಲಿ ವೈದ್ಯರಿದ್ದಾರೆ, ದಂತವೈದ್ಯರಿದ್ದಾರೆ, ಫಿಸಿಯೋಥೆರಪಿಯವರಿದ್ದಾರೆ, ಬೆನ್ನುಮೂಳೆ ಸರಿಪಡಿಸುವ ಕೈರೋಪ್ರ್ಯಾಕ್ಟರುಗಳಿದ್ದಾರೆ, ಕಣ್ಣು ಪರೀಕ್ಷಿಸುವ ಆಪ್ಟೊಮೆಟ್ರಿಸ್ಟರೂ ಇದ್ದಾರೆ. ಮರ್ದನ ಚಿಕಿತ್ಸಕರಿಲ್ಲ. ಕೊರಳ ನೋವಿನ ವಿಷಯದಲ್ಲಿ ಕಣ್ಣಿನವರಿಗಿಂತ ಇವರೇ ಹತ್ತಿರದವರು ಎಂದು ನಮಗೆ ತೋರಬಹುದು. ಕಾನೂನು ಹಾಗೆ ನೋಡುವುದಿಲ್ಲ.

ಓ.ಸಿ.ಎಫ್. 18ರ ಸಂಗತಿ ಇನ್ನೂ ಸ್ವಾರಸ್ಯವಾದದ್ದು. ರಿಜಿಸ್ಟರಾದ ಯಾವ ಆರೋಗ್ಯ ವೃತ್ತಿಯವರು ಬೇಕಾದರೂ ಅದನ್ನು ತುಂಬಿ ಸಹಿ ಹಾಕಬಹುದು. ಮರ್ದನ ಚಿಕಿತ್ಸಕರೂ ಹಾಕಬಹುದು. ಆದರೆ ಅದು ಯುಕ್ತವಾದದ್ದು, ಅವಶ್ಯವಾದದ್ದು ಎಂದು ಮೇಲೆ ಹೇಳಿದ ಪಟ್ಟಿಯವರೊಬ್ಬರು ಒಪ್ಪಿ ಇನ್ನೊಂದು ಸಹಿ ಹಾಕಬೇಕು. ಕೋಣೆ ಬಾಡಿಗೆ ಹಿಡಿದು ಒಂಟಿಯಾಗಿ ಕಸುಬು ಮಾಡುವವರು ಈ ಎರಡನೆಯ ಸಹಿಗಾಗಿ ಎಲ್ಲಿಗೆ ಹೋಗಬೇಕು? ಫಿಸಿಯೋಥೆರಪಿಯ ದೊಡ್ಡ ಚಿಕಿತ್ಸಾಲಯವೊಂದಕ್ಕೆ ಸೇರಿಕೊಳ್ಳಬೇಕು, ಇಲ್ಲವೇ ಅಪಘಾತದ ರೋಗಿಗಳ ಗೊಡವೆಯನ್ನೇ ಬಿಡಬೇಕು. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ನೆನಪಾಗುತ್ತದೆ. ಇಲ್ಲಿ ಪೂಜಾರಿ ಕೆಟ್ಟವನಲ್ಲ, ಪಾಪ. ಅವನನ್ನು ಬಾಗಿಲಲ್ಲಿ ನಿಲ್ಲಿಸಿದವರು ಬೇರೆ.

ಯೋಜನೆ ಕೈಸೇರಿದ ಮೇಲೆ ಉತ್ತರ ಕೊಡಲು ಕಂಪನಿಗೆ ಹತ್ತು ಕೆಲಸದ ದಿನಗಳ ಅವಕಾಶವಿದೆ. ನಿರಾಕರಿಸಿದರೆ ಕಾರಣ ಕೊಡಬೇಕು. ಈ ಅವಧಿಯಲ್ಲಿ ಉತ್ತರವೇ ಬರದಿದ್ದರೆ, ಹನ್ನೊಂದನೆಯ ದಿನದಿಂದ ಉತ್ತರ ಕೊಡುವ ದಿನದವರೆಗೆ ನಡೆದ ಚಿಕಿತ್ಸೆಯ ಖರ್ಚನ್ನು ಕಂಪನಿಯೇ ಹೊರಬೇಕು. ನಿಯಮ ಬರೆದವರನ್ನು ಇಲ್ಲಿ ಮೆಚ್ಚಲೇಬೇಕು: ಸುಮ್ಮನಿದ್ದವರ ಮೌನವನ್ನು ಸಮ್ಮತಿಯಾಗಿ ಎಣಿಸಿದ್ದಾರೆ. ಎಷ್ಟೋ ರೋಗಿಗಳಿಗೆ ಈ ನಿಯಮ ತಿಳಿಯದು, ತಿಳಿದಿದ್ದರೆ ಒಳ್ಳೆಯದು.

ಇನ್ನು ಹಣದ ಮಾತು. ಒಂಟಾರಿಯೋದ 2014ರ ಮಾರ್ಗಸೂಚಿಯಲ್ಲಿ ಮರ್ದನ ಚಿಕಿತ್ಸಕರಿಗೆ ಸಾಮಾನ್ಯ ಪ್ರಕರಣಗಳಲ್ಲಿ ಗಂಟೆಗೆ 58.19 ಡಾಲರ್, ಫಿಸಿಯೋಥೆರಪಿಯವರಿಗೆ 99.75, ಕೈರೋಪ್ರ್ಯಾಕ್ಟರಿಗೆ 112.81 ಎಂದು ಗರಿಷ್ಠ ದರ ಗೊತ್ತುಮಾಡಿದ್ದರು. ಕಚೇರಿಯ ಖರ್ಚು, ಬರವಣಿಗೆಯ ಖರ್ಚು ಎಂದು ಇದರ ಮೇಲೆ ಸೇರಿಸುವಂತಿಲ್ಲ. ಯೋಜನೆಯನ್ನು ನೋಡಿ ಒಪ್ಪುವವರ ಶುಲ್ಕಕ್ಕೆ ನಿಯಮಾವಳಿಯಲ್ಲಿ ಜಾಗವಿದೆ, ಅದೂ ಯೋಜನೆಯ ಒಂದು ಭಾಗವಾದರೂ ಮಂಜೂರಾದರೆ. ಹೀಗೆ ಎಲ್ಲರಿಗಿಂತ ಕಡಮೆ ದರದವರಿಗೆ ಬರವಣಿಗೆ ಮಾತ್ರ ಕಡಮೆಯಿಲ್ಲ. ಇದರ ಫಲ ಬಂದು ತಟ್ಟುವುದು ರೋಗಿಗೆ: ಮನೆಯ ಹತ್ತಿರ ಒಳ್ಳೆಯ ಚಿಕಿತ್ಸಕರಿದ್ದರೂ ‘ವಾಹನ ಅಪಘಾತದ ಪ್ರಕರಣಗಳನ್ನು ನಾವು ತೆಗೆದುಕೊಳ್ಳುವುದಿಲ್ಲ’ ಎಂಬ ಉತ್ತರ ಸಿಕ್ಕಬಹುದು.

ತಂಗಿಯ ಗಂಡನಿಗೆ ಉದ್ಯೋಗದ ಕಡೆಯಿಂದ ಬೇರೊಂದು ಆರೋಗ್ಯ ವಿಮೆ ಇದ್ದರೆ ಗಂಟು ಇನ್ನೂ ಬಿಗಿಯಾಗುತ್ತಿತ್ತು. ಮೊದಲು ಅಲ್ಲಿ ಕೇಳಿ, ಅವರು ಕೊಟ್ಟದ್ದೆಷ್ಟು, ಬಿಟ್ಟದ್ದೆಷ್ಟು ಎಂಬ ಚೀಟಿ ಪಡೆದು, ಆಮೇಲೆ ಉಳಿದದ್ದನ್ನು ವಾಹನ ವಿಮೆಯವರಲ್ಲಿ ಕೇಳಬೇಕು ಎಂಬ ಕ್ರಮ ಬಹುಕಾಲ ನಡೆಯಿತು. ಒಂದೇ ಕೊರಳಿಗೆ ಎರಡು ಕಂಪನಿ! ವಾಹನ ವಿಮೆಯವರೇ ಮೊದಲು ಕೊಡತಕ್ಕದ್ದು ಎಂಬ ತಿದ್ದುಪಡಿಗೆ ಜಾರಿಯ ದಿನವಾಗಿ ಗೊತ್ತುಮಾಡಿದ್ದು 2026ರ ಜುಲೈ 1. ಒಂದು ಸುತ್ತನ್ನು ತಪ್ಪಿಸುವ ಈ ಬದಲಾವಣೆ ಸಣ್ಣದಾಗಿ ಕಂಡರೂ ಸಣ್ಣದಲ್ಲ.

ಈಗ ಅಕ್ಕನ ದಾರಿ. ಬ್ರಿಟಿಷ್ ಕೊಲಂಬಿಯದಲ್ಲಿ ಕಡ್ಡಾಯವಾದ ಮೂಲ ವಿಮೆಯನ್ನು ಮಾಡುವುದು ಸರ್ಕಾರದ್ದೇ ಆದ ಒಂದು ಸಂಸ್ಥೆ. ಅದನ್ನು 1973ರಲ್ಲಿ ಸ್ಥಾಪಿಸಿದರು. ಇನ್ಶೂರೆನ್ಸ್ ಕಾರ್ಪೊರೇಷನ್ ಆಫ್ ಬ್ರಿಟಿಷ್ ಕೊಲಂಬಿಯ ಎಂದು ಹೆಸರು. ಅಲ್ಲಿಯೂ ಹಿಂದೆ ಅನುಮತಿಯ ಕಾಟವಿತ್ತು. ಅಡ್ಜಸ್ಟರ್ ಎಂಬ ಅಧಿಕಾರಿಯ ಒಪ್ಪಿಗೆಗಾಗಿ ಕಾಯಬೇಕಾಗಿತ್ತು. 2019ರ ಏಪ್ರಿಲ್ 1ರಿಂದ ಕ್ರಮ ಬದಲಾಯಿತು. ಚಿಕಿತ್ಸೆಯ ಖರ್ಚಿನ ಒಟ್ಟು ಮಿತಿ 1,50,000 ಡಾಲರಿನಿಂದ 3,00,000ಕ್ಕೆ ಏರಿದ್ದು ಒಂದು. ನಮ್ಮ ಪ್ರಸ್ತುತ ವಿಷಯಕ್ಕೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು: ಅಪಘಾತವಾದ ಹನ್ನೆರಡು ವಾರಗಳೊಳಗೆ ಇಂತಿಷ್ಟು ಸಲದ ಚಿಕಿತ್ಸೆಗೆ ಮೊದಲೇ ಅನುಮತಿ ದೊರೆತಿದೆ ಎಂದು ನಿಯಮವೇ ಸಾರಿತು. 2021ರ ಮೇ 1ರಂದು ಬಂದ ಹೊಸ ಪದ್ಧತಿಯಲ್ಲಿಯೂ ಅದೇ ಮುಂದುವರಿಯಿತು. ಮರ್ದನ ಚಿಕಿತ್ಸೆ 12 ಸಲ, ಫಿಸಿಯೋಥೆರಪಿ 25 ಸಲ, ಕೈರೋಪ್ರ್ಯಾಕ್ಟಿಕ್ 25 ಸಲ; ಸೂಜಿ ಚಿಕಿತ್ಸೆ, ಮನಸ್ಸಿನ ಸಮಾಧಾನಕ್ಕೆ ಸಲಹೆ ಮೊದಲಾದವು ಹನ್ನೆರಡು ಹನ್ನೆರಡು ಸಲ.

ಅಕ್ಕ ಮಾಡಬೇಕಾದದ್ದೇನು? ಅಪಘಾತವನ್ನು ಕಾರ್ಪೊರೇಷನ್ನಿಗೆ ತಿಳಿಸಿ ಕ್ಲೇಮಿನ ನಂಬರು ಪಡೆಯುವುದು. ರಿಜಿಸ್ಟರಾದ ಚಿಕಿತ್ಸಕರ ಬಳಿ ಹೋಗಿ ಆ ನಂಬರನ್ನೂ ಅಪಘಾತದ ದಿನಾಂಕವನ್ನೂ ಹೇಳುವುದು. ಡಾಕ್ಟರ ಚೀಟಿ ಬೇಡ, ಎರಡನೆಯ ಸಹಿ ಬೇಡ, ಅಧಿಕಾರಿಯ ದರ್ಶನಕ್ಕೆ ಕಾಯುವುದು ಬೇಡ. ಕಾರ್ಪೊರೇಷನ್ನಿನಲ್ಲಿ ತಮ್ಮ ಹೆಸರು ನೋಂದಾಯಿಸಿಕೊಂಡಿರುವ ಚಿಕಿತ್ಸಕರು ಕಂಪ್ಯೂಟರಿನ ಮೂಲಕ ನೇರವಾಗಿ ಬಿಲ್ಲು ಕಳುಹಿಸುತ್ತಾರೆ.

ಎರಡು ದಾರಿಗಳಿಗಿರುವ ಅಂತರವನ್ನು ಮೇಷ್ಟರ ಕಣ್ಣಿಗೆ ಕಾಣುವಂತೆ ಹೇಳುತ್ತೇನೆ, ಕ್ಷಮಿಸಬೇಕು. ಜ್ವರ ಬಂದ ಹುಡುಗ ಮನೆಯಲ್ಲಿ ಮಲಗಿ, ನಾಲ್ಕು ದಿನದ ಮೇಲೆ ತಂದೆಯ ಕೈಲಿ ರಜೆಯ ಚೀಟಿ ಬರೆಸಿಕೊಂಡು ತರುವುದು ಒಂದು ಪದ್ಧತಿ. ಜ್ವರ ಬರುವುದಕ್ಕೆ ಮುಂಚೆ ಹೆಡ್‌ಮಾಸ್ಟರ ಅನುಮತಿ ಪಡೆಯತಕ್ಕದ್ದು ಎನ್ನುವುದು ಇನ್ನೊಂದು ಪದ್ಧತಿ. ಚೀಟಿ ಎರಡರಲ್ಲಿಯೂ ಇದೆ. ಅಕ್ಕನ ಪ್ರಾಂತದಲ್ಲಿ ಕಾಗದವನ್ನು ಸುಟ್ಟುಹಾಕಲಿಲ್ಲ. ಅದರ ಸ್ಥಾನವನ್ನು ಬದಲಾಯಿಸಿದರು. ಮೊದಲು ಚಿಕಿತ್ಸೆ, ಆಮೇಲೆ ಲೆಕ್ಕ. ಪೆಟ್ಟಿನ ಹಸಿಯಲ್ಲಿ ರೋಗಿಯನ್ನೂ ಚಿಕಿತ್ಸಕರನ್ನೂ ನಂಬುವುದು. ಬೇಗ ವಾಸಿಯಾಗದ ಪ್ರಕರಣಗಳನ್ನು ಮಾತ್ರ ವಿವರವಾಗಿ ನೋಡುವುದು.

ಹೀಗೆ ನಂಬಿದರೆ ಮೋಸವಾಗುವುದಿಲ್ಲವೇ ಎಂದು ತಾವು ಕೇಳುವಿರಿ. ಕೇಳತಕ್ಕ ಪ್ರಶ್ನೆಯೇ. ಒಂಟಾರಿಯೋದ ನಮೂನೆಗಳು ಸುಮ್ಮನೆ ಬೆಳೆದವಲ್ಲ. ಮಾಡದ ಚಿಕಿತ್ಸೆಗೆ ಬಿಲ್ಲು, ಬೇಡದ ಚಿಕಿತ್ಸೆಗೆ ಬಿಲ್ಲು, ಬೇರೊಬ್ಬರ ಹೆಸರಿನಲ್ಲಿ ಸಹಿ ಇಂಥ ಅಕ್ರಮಗಳ ದೂರು ಅಲ್ಲಿ ಬಹಳವಾಗಿ, ಸರ್ಕಾರ ವಿಚಾರಣೆಗೆ ಒಂದು ತಂಡವನ್ನೇ ನೇಮಿಸಿತು. ಅದರ ಅಂತಿಮ ವರದಿ 2012ರಲ್ಲಿ ಬಂತು. 2014ರ ಡಿಸೆಂಬರ್ 1ರಿಂದ ಕಂಪನಿಯಿಂದ ನೇರವಾಗಿ ಹಣ ಪಡೆಯುವ ಚಿಕಿತ್ಸಾಲಯಗಳು ಲೈಸೆನ್ಸು ಪಡೆಯಬೇಕೆಂದಾಯಿತು. ಕಳ್ಳನಿಗಾಗಿ ಹಾಕಿದ ಬೀಗದ ಕೈ ಮನೆಯವರಿಗೇ ಸಿಕ್ಕದಂತಾದದ್ದು ಕಷ್ಟ. ನನ್ನ ಅಭಿಪ್ರಾಯ ಹೀಗೆ: ಲೈಸೆನ್ಸು ಇರಲಿ, ರಿಜಿಸ್ಟರು ಇರಲಿ, ಬಿಲ್ಲುಗಳ ತನಿಖೆಯೂ ಇರಲಿ. ಇವೆಲ್ಲ ಚಿಕಿತ್ಸಕರ ನಡತೆಯನ್ನು ಪರೀಕ್ಷಿಸುವ ಉಪಾಯಗಳು. ಆದರೆ ರಿಜಿಸ್ಟರಾದವರ ಮೇಲೆ ರಿಜಿಸ್ಟರಾದ ಇನ್ನೊಬ್ಬರ ಸಹಿ ಎಂಬುದು ಯಾವ ಕಳ್ಳನನ್ನು ಹಿಡಿದೀತು? ಮೋಸ ಮಾಡಬೇಕೆಂದವರಿಗೆ ಎರಡು ಸಹಿ ಕೂಡಿಸುವುದು ಭಾರವಲ್ಲ. ಒಂಟಿಯಾಗಿ, ನೆಟ್ಟಗೆ ಕೆಲಸ ಮಾಡುವವರಿಗೇ ಅದು ಭಾರ.

ಅಕ್ಕನ ಪ್ರಾಂತದಲ್ಲಿ ಎಲ್ಲವೂ ಸುಗಮವೆಂದೂ ತಿಳಿಯಬಾರದು. ಹದಿಮೂರನೆಯ ವಾರಕ್ಕೂ ನೋವು ಉಳಿದರೆ, ಅಥವಾ ಹನ್ನೆರಡು ಸಲ ಮುಗಿದುಹೋದರೆ, ಚಿಕಿತ್ಸಕರು ಯೋಜನೆ ಬರೆದು ಒಪ್ಪಿಗೆ ಕೇಳಲೇಬೇಕು. ಬಾಗಿಲು ಹೋಗಿಲ್ಲ, ಒಳಕ್ಕೆ ಸರಿದಿದೆ. 2021ರ ಪದ್ಧತಿಯಲ್ಲಿ ಚಿಕಿತ್ಸೆಯ ಮಿತಿಯನ್ನು ಕಡಮೆಯೆಂದರೆ 75 ಲಕ್ಷ ಡಾಲರಿನವರೆಗೆ ಏರಿಸಿದರಾದರೂ, ಅದಕ್ಕೆ ಬದಲಾಗಿ ಗುದ್ದಿದವರ ಮೇಲೆ ಕೋರ್ಟಿನಲ್ಲಿ ಪರಿಹಾರದ ದಾವೆ ಹೂಡುವ ಹಕ್ಕನ್ನು ಬಹುಮಟ್ಟಿಗೆ ತೆಗೆದುಹಾಕಿದರು. ಕೊಡುವವರೂ ಅವರೇ, ಸಾಕೆನ್ನುವವರೂ ಅವರೇ ಎಂಬ ಅಸಮಾಧಾನಕ್ಕೆ ಇದು ಎಡೆಮಾಡಿದೆ. ಸೌಲಭ್ಯದ ತಕರಾರುಗಳನ್ನು ಸಿವಿಲ್ ರೆಸಲ್ಯೂಷನ್ ಟ್ರಿಬ್ಯೂನಲ್ ಎಂಬ ನ್ಯಾಯಮಂಡಲಿಗೆ ಒಯ್ಯಬಹುದು. ಅಲ್ಲಿಗೆ ಹೋಗುವುದಕ್ಕೆ ಮತ್ತೆ ಕಾಗದ ಬೇಕೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿಯೂ ‘ಮೊದಲು ಚಿಕಿತ್ಸೆ’ ಎಂಬ ತತ್ತ್ವ ಕಾಣಿಸಿಕೊಂಡಿದೆ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತಾದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯ ಮಿತಿಯೊಳಗೆ, ಕೈಯಿಂದ ಹಣ ಕಟ್ಟಿಸಿಕೊಳ್ಳದೆ ಚಿಕಿತ್ಸೆ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ 5ರಂದು ಪ್ರಕಟಿಸಿತು. ಅದಕ್ಕೆ ಒಂದು ವರ್ಷ ಮುಂಚೆ, 2024ರ ಮೇ ತಿಂಗಳಲ್ಲಿ, ನಗದಿಲ್ಲದ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕೆಂದು ವಿಮಾ ಪ್ರಾಧಿಕಾರ ಕಂಪನಿಗಳಿಗೆ ಆಜ್ಞೆ ಮಾಡಿತ್ತು. ಇವೆರಡೂ ಆಸ್ಪತ್ರೆಯ ಬಾಗಿಲವರೆಗಿನ ಮಾತು. ಮನೆಗೆ ಬಂದ ಮೇಲೆ ತಿರುಗದ ಕೊರಳನ್ನು ನೀವಿ ಸಡಿಲಿಸುವವರಿಗೆ ಈ ಏರ್ಪಾಡುಗಳಲ್ಲಿ ಸ್ಥಾನವಿಲ್ಲ.

ಕೆನಡಾದಲ್ಲಿ ಮಕ್ಕಳಿರುವ ತಂದೆತಾಯಂದಿರು ಫೋನಿನಲ್ಲಿ ಮಾತನಾಡುವಾಗ ಒಂದೆರಡು ಸಂಗತಿ ತಿಳಿಸಿದರೆ ಉಪಕಾರವಾದೀತು. ಅಪಘಾತ ಸಣ್ಣದೆಂದು ತೋರಿದರೂ ವಿಮೆಯವರಿಗೆ ತಡಮಾಡದೆ ತಿಳಿಸಬೇಕು; ಒಂಟಾರಿಯೋದಲ್ಲಿ ಇದಕ್ಕೆ ಏಳು ದಿನವೆಂದು ನಿಯಮ. ಅಲ್ಲಿರುವವರು ಮರ್ದನ ಚಿಕಿತ್ಸಕರನ್ನು ಹುಡುಕುವಾಗ, ಒಪ್ಪಿಗೆಯ ಸಹಿ ಹಾಕುವವರು ಅದೇ ಚಿಕಿತ್ಸಾಲಯದಲ್ಲಿದ್ದಾರೆಯೇ ಎಂದು ವಿಚಾರಿಸಲಿ. ಯಾವ ಪ್ರಾಂತವಾದರೂ ಸರಿ, ವಿಮೆಯವರಿಗೆ ನೇರವಾಗಿ ಬಿಲ್ಲು ಕಳುಹಿಸುವರೇ, ಮೇಲೆ ಕೈಯಿಂದ ಏನಾದರೂ ಕೊಡಬೇಕೇ ಎಂಬುದನ್ನು ಮೇಜಿನ ಮೇಲೆ ಮಲಗುವ ಮುಂಚೆಯೇ ಕೇಳಿ ತಿಳಿದುಕೊಳ್ಳಲಿ. ಮತ್ತು ಬ್ರಿಟಿಷ್ ಕೊಲಂಬಿಯದಲ್ಲಿರುವವರು ಒಂದನ್ನು ನೆನಪಿಡಬೇಕು: ಹನ್ನೆರಡು ವಾರಗಳ ಎಣಿಕೆ ಅಪಘಾತವಾದ ದಿನದಿಂದ ಮೊದಲಾಗುತ್ತದೆ, ಮೊದಲ ಸಲ ಚಿಕಿತ್ಸೆಗೆ ಹೋದ ದಿನದಿಂದಲ್ಲ.